ಪುಟಾಣಿಗೆ ಬೇಸಿಗೆಯ ಕ್ರೋಷಾ ಫ್ರಾಕ್

ಕಳೆದ ಬೇಸಿಗೆಯಲ್ಲಿ ಮನೇಲಿ ಉಳಿದಿದ್ದ ಆಕ್ರಿಲಿಕ್ ಉಲ್ಲನ್‌ನಲ್ಲೇ ಮಗಳಿಗೆ ಫ್ರಾಕ್ ಹೆಣೆದೆ. ‘ಅಮ್ಮಾ, ಚುಚ್ಚುತ್ತೆ’ ಅಂತ ಹತ್ತೇ ನಿಮಿಷಕ್ಕೆ ಬಿಚ್ಚಿ ಎಸೆದಳು. ಕುತ್ತಿಗೆ ತುಂಬಾ ಬೆವರುಸಾಲೆ! ಆ ಎಡವಟ್ಟು ನಿಮಗೆ ಬೇಡ. ತೆಳು ಹತ್ತಿ ದಾರ, 2.5 ಮಿ.ಮೀ. ಕಡ್ಡಿ ತಗೊಳ್ಳಿ. ಮೊದಲು ಅಂಗೈಯಗಲದ ತುಂಡು ಹೆಣೆದು, ಒಗೆದು, ಒಣಗಿಸಿ ಅಳೆಯಿರಿ. ಹತ್ತಿ ಕುಗ್ಗುತ್ತೆ.

ಕುತ್ತಿಗೆಯಿಂದ ಕೆಳಕ್ಕೆ ಹೆಣೆದರೆ, ಮಗು ಎತ್ತರವಾದಂತೆ ಅಂಚಿಗೆ ಇನ್ನಷ್ಟು ಸಾಲು ಸೇರಿಸಬಹುದು. ಮೊದಲ ಚೈನ್ ಬಿಗಿಯಾದರೆ ತಲೆಯೇ ತೂರೋದಿಲ್ಲ. ಬೆನ್ನಿಗೆ ಸೀಳು ಬಿಟ್ಟು ಗುಂಡಿ ಇಡಿ. ಎದೆಭಾಗ ಒತ್ತಾಗಿರಲಿ, ಕೆಳಗೆ ಜಾಲಿ ಹೆಣಿಗೆ ಸಾಕು. ಒಳಗೆ ಮಲ್ ಬಟ್ಟೆಯ ಪೆಟಿಕೋಟ್ ಹಾಕಿ.

ಒಗೆದ ಮೇಲೆ ಹ್ಯಾಂಗರಿಗೆ ಮಾತ್ರ ನೇತುಹಾಕಬೇಡಿ. ನೀರಿನ ಭಾರಕ್ಕೇ ಫ್ರಾಕ್ ಮೊಣಕಾಲು ದಾಟಿ ಜೋತುಬೀಳುತ್ತೆ. ನೆರಳಲ್ಲಿ ಟವೆಲ್ ಮೇಲೆ ಹರಡಿ.