ಕೆಲಸ ಬಿಟ್ಟ ಮಡಕೆ: ಜಪಾನಿನ ಕುಂಬಾರ ಶಿಲ್ಪವನ್ನು ಕಾಂಗೇಯಂನಿಂದ ನೋಡಿದರೆ

ಕಳೆದ ಗೋಷ್ಠಿಯಲ್ಲಿ ಒಂದು ಪ್ರಶ್ನೆ ಉಳಿದಿತ್ತು: ಮಡಕೆ ಶಿಲ್ಪ ಆಗೋದು ಯಾವಾಗ? ಇವತ್ತು ಅದನ್ನೇ ಎತ್ತಿಕೊಳ್ಳುತ್ತೇನೆ.

1948ರಲ್ಲಿ ಕ್ಯೋಟೋದಲ್ಲಿ ಯಾಗಿ ಕಜುವೊ, ಸುಜುಕಿ ಒಸಾಮು, ಯಮಾದಾ ಹಿಕಾರು ಮೊದಲಾದವರು ‘ಸೋದೇಶಾ’ ಎಂಬ ಗುಂಪು ಕಟ್ಟಿದರು. ಹಳೆಯ ಚೀನೀ ಪಾತ್ರೆಗಳ ಮೆರುಗಿನಲ್ಲಿ ಕಾಣುವ, ಕೆಸರಲ್ಲಿ ಎರೆಹುಳ ಹರಿದಂಥ ಗೆರೆಯಿಂದ ಆ ಹೆಸರು ಬಂತು. 1954ರಲ್ಲಿ ಯಾಗಿ ‘ಸಂಸಾ ಅವರ ವಾಯುವಿಹಾರ’ ಎಂಬ ಕೃತಿ ಮಾಡಿದರು. ಸಂಸಾ ಅಂದರೆ ಕಾಫ್ಕಾನ ಕಥೆಯಲ್ಲಿ ಹುಳುವಾಗುವವನು. ತಿಗರಿಯಲ್ಲಿ ತಿರುಗಿಸಿದ ಬಳೆಯಂಥ ರೂಪವನ್ನು ನೆಟ್ಟಗೆ ನಿಲ್ಲಿಸಿ, ಸುತ್ತ ಸಣ್ಣ ಕೊಳವೆಗಳನ್ನು ಅಂಟಿಸಿದ್ದಾರೆ. ಅದರಲ್ಲಿ ನೀರು ತುಂಬಿಡಲಾಗದು. ಗಮನಿಸಿ, ತಿಗರಿಯನ್ನು ಅವರು ಬಿಟ್ಟಿಲ್ಲ. ಪಾತ್ರೆಯ ಕೆಲಸವನ್ನಷ್ಟೇ ಬಿಟ್ಟಿದ್ದಾರೆ.

ಚಹಾ ಬಟ್ಟಲು, ಹೂದಾನಿಗಳಿಂದ ಕುಂಬಾರನಿಗೆ ಗೌರವ ಸಿಗುತ್ತಿದ್ದ ಕ್ಯೋಟೋದಲ್ಲಿ ಇದು ದೊಡ್ಡ ಮುರಿತ. ಆದರೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತ ಕಾಂಗೇಯಂ ಕಡೆ ಬೆಳೆದವರಿಗೆ ಲೆಕ್ಕ ಬೇರೆಯೇ ಕಾಣುತ್ತದೆ. ತಮಿಳುನಾಡಿನ ಹಳ್ಳಿಗಳಲ್ಲಿ ಅಯ್ಯನಾರ್‌ಗೆ ಹರಕೆಯ ಮಣ್ಣಿನ ಕುದುರೆ ಮಾಡುವವರು ಕುಂಬಾರರೇ. ಕುದುರೆಯ ಮೈ ಟೊಳ್ಳು. ಯಾಕೆ? ದಪ್ಪ ಮಣ್ಣಿನೊಳಗೆ ಉಳಿದ ತೇವ ಬೆಂಕಿಯಲ್ಲಿ ಉಗಿಯಾಗಿ ಮೈಯನ್ನೇ ಸಿಡಿಸುತ್ತದೆ. ಯಾಗಿಯ ಬಳೆಗೂ ಇದೇ ನಿಯಮ.

ಇನ್ನೂ ಹಿಂದಕ್ಕೆ ಹೋಗೋಣ. ಕಾಂಗೇಯಂನಿಂದ ಬಹಳ ದೂರವಿಲ್ಲದ, ನೊಯ್ಯಲ್ ದಂಡೆಯ ಕೊಡುಮಣಲ್‌ನಲ್ಲಿ ಕಪ್ಪು-ಕೆಂಪು ಮಡಕೆಗಳು ಸಿಕ್ಕಿವೆ. ಇಂಥವನ್ನು ಬೋರಲು ಹಾಕಿ ಸುಡುತ್ತಿದ್ದರು ಎನ್ನುವುದು ಸಾಮಾನ್ಯ ವಿವರಣೆ: ಗಾಳಿಯಾಡದ ಒಳಮೈ ಕಪ್ಪು, ಗಾಳಿ ತಾಕಿದ ಹೊರಮೈ ಕೆಂಪು. ಅಲ್ಲಿನ ಸಮಾಧಿಗಳಲ್ಲೂ ಪಾತ್ರೆಗಳಿವೆ. ಸತ್ತವರ ಪಕ್ಕ ಇಟ್ಟ ಪಾತ್ರೆ ಮತ್ತೆ ಒಲೆಗೆ ಬರುವುದಿಲ್ಲ. ಅಂದರೆ ಬಾಯಿ ತೆರೆದೇ ಇದ್ದರೂ ಮಡಕೆ ತನ್ನ ಕೆಲಸ ಬಿಡಬಲ್ಲದು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ನನ್ನ ಮೊದಲ ಕರಡಿನಲ್ಲಿ ಯಾಗಿಯ ಚಿತ್ರದ ಕೆಳಗೆ ಹೆಸರು, ವರ್ಷ ಎರಡೂ ಇದ್ದವು. ಕುದುರೆಯ ಚಿತ್ರದ ಕೆಳಗೆ ‘ಜನಪದ’ ಅಂತಷ್ಟೇ ಬರೆದಿದ್ದೆ. ಮಾಡಿದವರ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ಕೊಡುಮಣಲ್‌ನ ಬೋಕಿಗಳ ಮೇಲೂ ತಮಿಳು-ಬ್ರಾಹ್ಮಿಯಲ್ಲಿ ಗೀರಿದ ಹೆಸರುಗಳಿವೆ. ಎರಡು ಸಾವಿರ ವರ್ಷದ ಮೇಲೂ ಓದಬಹುದು.

ಸೋದೇಶಾ ನಮಗೆ ಕಲಿಸುವುದು ಮಣ್ಣು ಕಲೆಯಾಗಬಲ್ಲದು ಎಂಬುದನ್ನಲ್ಲ; ಅದು ಇಲ್ಲಿ ಹೊಸ ಸಂಗತಿಯಲ್ಲ. ಕುಂಬಾರನನ್ನು ಹೆಸರಿಟ್ಟು ಚರ್ಚಿಸಬೇಕು ಎಂಬುದನ್ನು. ಮುಂದಿನ ಕ್ಷೇತ್ರಕಾರ್ಯಕ್ಕೆ ಹೋಗುವ ಗೆಳೆಯರಲ್ಲಿ ಒಂದೇ ಕೋರಿಕೆ: ಫೋಟೋ ತೆಗೆಯುವ ಮೊದಲು ಹೆಸರು ಕೇಳಿ, ಅವರು ಒಪ್ಪಿದರೆ ಬರೆದುಕೊಳ್ಳಿ.