ತಾಸಿಗೆ ಮೂವತ್ತು ರೊಟ್ಟಿ

ಹುಬ್ಬಳ್ಳಿಯ ಹಳೇ ಓಣಿಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಒಲೆ ಮುಂದೆ ಯಾರು ಕೂತಿದ್ದಾರೆ ಅಂತ ಹೇಳುವವರಿದ್ದಾರೆ. ಬಾಜೂ ಮನೆಯ ವೈನಿಯ ಕೈ ಅವಸರದ್ದೂ ಅಲ್ಲ, ಆಲಸ್ಯದ್ದೂ ಅಲ್ಲ. ಗ್ಯಾಸಿನ ಒಲೆಯನ್ನು ಅವರು ಕಟ್ಟೆಯಿಂದ ಇಳಿಸಿ ನೆಲಕ್ಕೇ ಇಟ್ಟುಕೊಂಡಿದ್ದಾರೆ. ನಿಂತು ಬಡಿದರೆ ರಟ್ಟೆಗೆ ಬಲ ಬರುವುದಿಲ್ಲವಂತೆ.

ಹಿಟ್ಟಿನ ನಡುವೆ ಕುಣಿ ಮಾಡಿ ಕುದಿಯುವ ಎಸರು ಸುರಿಯುತ್ತಾರೆ. ಬೆರಳು ಸುಡುವಾಗಲೇ ನಾದಬೇಕು. ಅಂದೇ ಬೀಸಿದ ಬಿಳಿಜೋಳವಾದರೆ ಹಿಟ್ಟಿಗೆ ಜಿಗಿ ಇರುತ್ತದೆ, ಹಳೆಯದಾದರೆ ಅಂಚು ಬಿರಿಯುತ್ತದೆ. ಜೋಳ ಮಾಲದಂಡಿಯೇ ಆಗಬೇಕು. ಹೈಬ್ರಿಡ್ ಜೋಳದ ಮಾತೆತ್ತಿದರೆ ವೈನಿ ಮುಖ ಸಿಂಡರಿಸುತ್ತಾರೆ. ಒಣಹಿಟ್ಟು ಉದುರಿಸಿ ಬಡಿಯತೊಡಗಿದರೆ ರೊಟ್ಟಿ ಅಂಗೈ ಕೆಳಗೆ ತಾನೇ ಸುತ್ತು ತಿರುಗುತ್ತ ಅಗಲವಾಗುತ್ತದೆ. ಹಂಚಿನ ಮೇಲೆ ಬಿದ್ದ ಕೂಡಲೇ ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ, ಒತ್ತಿ ಬೇಯಿಸುವುದು. ಕಡಕ್ ರೊಟ್ಟಿಯಾದರೆ ಇನ್ನಷ್ಟು ಹೊತ್ತು ಉರಿ ಹಿಡಿದು, ಆಮೇಲೆ ಹರವಿ ಆರಿಸಬೇಕು. ಸರಿಯಾಗಿ ಆರಿದ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಪುಣೆ, ಬೆಂಗಳೂರಿನಲ್ಲಿ ನೌಕರಿ ಮಾಡುವ ಮಕ್ಕಳ ಚೀಲಕ್ಕೆ ಓಣಿಯ ತಾಯಂದಿರು ತುಂಬುವುದು ಇದನ್ನೇ. ಅದರ ಜೊತೆ ಶೇಂಗಾ ಚಟ್ನಿ, ಗುರೆಳ್ಳು ಪುಡಿ.

ವೈನಿಯ ಮನೆಗೆ ಖಾನಾವಳಿಯ ಮಾಲಕರು ಬಂದದ್ದು ಈ ಕೈರುಚಿಯ ಸುದ್ದಿ ಕೇಳಿಯೇ. ಚಹಾ ಕುಡಿದು ಕಪ್ಪು ಕೆಳಗಿಡುತ್ತ ಅಂದರು: “ಅಕ್ಕಾರ, ದಿನಾ ಇನ್ನೂರು ರೊಟ್ಟಿ ಮಾಡಿ ಕೊಡ್ರಿ. ಹನ್ನೊಂದರೊಳಗ ಬೇಕು. ಒಂದಕ್ಕ ಆರು ರೂಪಾಯಿ.”

ಅವರು ಮೆಟ್ಟಿಲು ಇಳಿಯುವ ಮುಂಚೆಯೇ ಯಜಮಾನರ ಗುಣಾಕಾರ ಮುಗಿದಿತ್ತು. ದಿನಕ್ಕೆ 1,200, ತಿಂಗಳಿಗೆ 36,000! ಒಳಗಿನಿಂದ ಅತ್ತೆಯ ದನಿ: “ಅನ್ನಾ ಮಾರಬಾರದು ಅಂತಿದ್ರು ನಮ್ಮ ಹಿರ್ಯಾರು.” ಸ್ವಲ್ಪ ಹೊತ್ತು ಬಿಟ್ಟು ಅದೇ ದನಿ, “ಹಿಟ್ಟಿನ ಹದಾ ಬೇಕಾದ್ರ ನಾ ನೋಡ್ತೀನಿ.” ಕಾಲ ಬದಲಾಗುವುದು ಹೀಗೇ ಇರಬೇಕು, ಎರಡು ವಾಕ್ಯಗಳ ನಡುವೆ.

ಪಿಯುಸಿ ಓದುವ ಮಗಳು ಮೊಬೈಲಿನಲ್ಲಿ ಯೋಜನೆಗಳನ್ನು ಹುಡುಕಿದಳು. ಕಿರು ಆಹಾರ ಉದ್ಯಮಗಳಿಗೆ ಕೇಂದ್ರದ ಪಿಎಂಎಫ್‌ಎಂಇಯಲ್ಲಿ ಯೋಜನಾ ವೆಚ್ಚದ ಶೇ 35ರಷ್ಟು ಸಹಾಯಧನ, ಗರಿಷ್ಠ 10 ಲಕ್ಷ ರೂಪಾಯಿ. ರೊಟ್ಟಿ ಮೆಷಿನ್ ತರಬಹುದು ಅಂದಳು. ಆಮೇಲೆ ಹಳೇ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ಗೆರೆ ಎಳೆದಳು. ಜೋಳ, ಗಿರಣಿ, ಗ್ಯಾಸ್. “ಅವ್ವಾ, ನಿನ್ನ ಕೂಲಿ ಎಲ್ಲಿ ಬರೀಲಿ?”

ಯಾರೂ ಮಾತಾಡಲಿಲ್ಲ. ಆ ಮನೆಯಲ್ಲಿ ಅದು ಯಾವತ್ತೂ ಖರ್ಚಿನ ಕಲಮಿನಲ್ಲಿ ಬಂದದ್ದೇ ಇಲ್ಲ.

ಲೆಕ್ಕ ಮುಂದುವರಿಯಿತು. ಕಿಲೋ ಹಿಟ್ಟಿಗೆ ಇಪ್ಪತ್ತು ರೊಟ್ಟಿಯಂತೆ 10 ಕಿಲೋ. ಬೀಸುವ ಕೂಲಿ ಸೇರಿ 600 ರೂಪಾಯಿ. ಮಾರುವುದಕ್ಕೆ ಮಾಡುವ ಅಡುಗೆಗೆ ಮನೆಬಳಕೆಯ 14.2 ಕಿಲೋ ಸಿಲಿಂಡರ್ ಬಳಸುವಂತಿಲ್ಲ, 19 ಕಿಲೋದ ವಾಣಿಜ್ಯ ಸಿಲಿಂಡರೇ ಬೇಕು. ಆ ಗ್ಯಾಸಿಗೆ ದಿನಕ್ಕೆ 140. ಉಳಿದದ್ದು 460. ಒಂದು ಒಲೆಯಲ್ಲಿ ವೈನಿ ತಾಸಿಗೆ ಮೂವತ್ತು ರೊಟ್ಟಿ ಮಾಡುತ್ತಾರೆ. ಇನ್ನೂರಕ್ಕೆ ಹೆಚ್ಚುಕಡಿಮೆ ಏಳು ತಾಸು, ಗಿರಣಿ-ಪ್ಯಾಕಿಂಗ್ ಹಿಡಿದರೆ ಎಂಟು. ಅಂದರೆ ನಸುಕಿನ ಮೂರಕ್ಕೆ ಏಳಬೇಕು, ತಾಸಿಗೆ ಸಿಗುವುದು 58 ರೂಪಾಯಿಯೂ ಅಲ್ಲ. ಯಜಮಾನರ 36,000 ಹಾಳೆಯ ಮೇಲೆ 13,800ಕ್ಕೆ ಇಳಿದು ಕೂತಿತು. ವೈನಿಗೆ ಜ್ವರ ಬಂದ ದಿನ ಇದರಲ್ಲಿ ಸೇರಿಲ್ಲ.

ಹಾಳೆಯ ಇನ್ನೊಂದು ಮಗ್ಗುಲಲ್ಲಿ ಓಣಿಯ ಆರ್ಡರು. ಮಗನ ಊರಿಗೆ ಹೊರಟ ತಾಯಿಯೊಬ್ಬರು ನೂರು ಕಡಕ್ ರೊಟ್ಟಿ ಕೇಳಿದ್ದರು, ಒಂದಕ್ಕೆ ಹತ್ತು ರೂಪಾಯಿ. ಹಿಟ್ಟು 300, ಗ್ಯಾಸ್ 70, ನಾಲ್ಕೂವರೆ ತಾಸು. ತಾಸಿಗೆ 140 ಬೀಳುತ್ತದೆ. ಜೋಳ ಅದೇ, ಕೈ ಅದೇ!

ಇಂಥ ಹೊತ್ತಿನಲ್ಲಿ ಲಿಜ್ಜತ್ ಪಾಪಡದ ಕತೆ ಹೇಳಿ ಹುರಿದುಂಬಿಸುವವರು ಬಹಳ. 1959ರಲ್ಲಿ ಮುಂಬೈಯ ಗಿರಗಾಂವಿನಲ್ಲಿ 80 ರೂಪಾಯಿ ಸಾಲದಿಂದ ಶುರುವಾದದ್ದು, ಅದನ್ನು ಕಟ್ಟಿದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ. ಎಲ್ಲ ಸರಿ. ಆದರೆ ಹೇಳುವವರು 80 ರೂಪಾಯಿಗೆ ಒತ್ತು ಕೊಟ್ಟು, ಆ ಮಾಳಿಗೆಯ ಮೇಲೆ ಕೂತವರು ಏಳು ಜನ ಎಂಬುದನ್ನು ತೇಲಿಸಿಬಿಡುತ್ತಾರೆ. 2025ರ ಜೂನ್‌ನಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲಿ ಹೆಸರು ಬಂದ ಕಲಬುರಗಿ ರೊಟ್ಟಿಯ ಹಿಂದೆ ಇರುವುದೂ ಸ್ವಸಹಾಯ ಸಂಘಗಳ ಹೆಂಗಸರ ಗುಂಪು. ಒಬ್ಬಳ ರಟ್ಟೆಯ ಮೇಲೆ ನಿಂತ ಉದ್ಯಮಕ್ಕೆ ರಜೆಯೆಂಬುದೇ ಇರುವುದಿಲ್ಲ.

ವೈನಿಗೆ ಇದನ್ನೆಲ್ಲ ಯಾರೂ ಹೇಳಬೇಕಾಗಿರಲಿಲ್ಲ. ಮೆಷಿನ್ ಬೇಡವೆಂದರು, ನೂರು ರೊಟ್ಟಿ ಕೇಳಿದ ತಾಯಿಗೆ ಬೇಕಾದದ್ದು ಕೈರೊಟ್ಟಿ. ಆಹಾರ ಸುರಕ್ಷತೆಯ ಮೂಲ ನೋಂದಣಿಗೆ ವರ್ಷದ ಶುಲ್ಕ 100 ರೂಪಾಯಿ, ಅದನ್ನು ಮಾಡಿಸಿದರು. ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಮೊದಲ ಜೋಳ ಬಂತು. ವಾರಕ್ಕೆ ಎರಡು ದಿನ, ನೂರು ನೂರು ರೊಟ್ಟಿ, ಮುಂಗಡ ಕೊಟ್ಟವರಿಗೆ ಮಾತ್ರ. ಖಾನಾವಳಿಗೆ ಕಳಿಸಿದ ಉತ್ತರ ಸಣ್ಣದು: “ಎಂಟು ರೂಪಾಯಿ ಆದ್ರ ಹೇಳ್ರಿ, ಓಣ್ಯಾಗ ನಾಕು ಮಂದಿ ಕೂಡಿ ಮಾಡ್ತೀವಿ.” ಮಾಲಕರು “ನೋಡೂಣ್ರಿ” ಅಂದಿದ್ದಾರೆ.

ಆರು ರೂಪಾಯಿಗೆ ಒಪ್ಪದೇ ಇದ್ದದ್ದೇ ಸರಿ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಲೆಕ್ಕಕ್ಕೆ ಕೂತಿದ್ದರೆ, ಮೊದಲ ಸಾಲಿನಲ್ಲಿ ಕೂಲಿ ಬರೆಯಿರಿ. ಜೋಳದ ದರ ಆಮೇಲೆ.