ಒಂದು ಬಾಗಿಲು, ಎರಡು ಬೀಗ

40 ವರ್ಷ ಒಂದೇ ಮನೇಲಿ ಸಂಸಾರ ಮಾಡಿಯೂ,
ಗಂಡನ ಮನಸ್ಸು ಎತ್ತ ಕಡೆಗಿತ್ತು ಅಂತ
ಹೆಂಡತಿಗೆ ಗೊತ್ತೇ ಆಗದೆ ಇರಬಹುದಾ?

ಇರಬಹುದು.

1965.
ಅಮೆರಿಕದ ಹೊಸ ವಲಸೆ ಕಾನೂನು ನಮ್ಮ ಡಾಕ್ಟರು, ಎಂಜಿನಿಯರುಗಳಿಗೆ ಬಾಗಿಲು ತೆರೆಯಿತು.
ಅದೇ ಕಾನೂನಲ್ಲಿ ಇನ್ನೊಂದು ಸಾಲೂ ಇತ್ತು,
ಸಲಿಂಗಿಗಳನ್ನು ಹೊರಗಿಡುವ ಸಾಲು.
ಅದನ್ನು ತೆಗೆದಿದ್ದು 1990ರಲ್ಲಿ!

ಹೀಗೆ ಯೋಚಿಸಿ.
ಒಂದು ಬಾಗಿಲು, ಎರಡು ಬೀಗ.
ಒಂದರ ಕೀ ಊರಲ್ಲಿರೋ ಅಪ್ಪ ಅಮ್ಮನ ಹತ್ರ.
ಇನ್ನೊಂದು ಇಮಿಗ್ರೇಶನ್ ಆಫೀಸಲ್ಲಿ.
ಒಳಗೆ ಒಬ್ಬ ಸಲಿಂಗಿ ಹುಡುಗ.

ರಜೆಗೆ ಊರಿಗೆ ಬರ್ತಾನೆ.
ಮೂರೇ ವಾರ. ಹೆಣ್ಣು ನೋಡಿದ್ದೂ ಆಯ್ತು, ಧಾರೆಯೂ ಆಯ್ತು.
ಈಗ ಆ ಹುಡುಗಿಯೂ ಅದೇ ಬಾಗಿಲ ಒಳಗೆ.

ನನಗೆ ತುಂಬಾ ಸಂಕಟ ಆಗೋದು ಇಲ್ಲೇ.
ಆಕೆಯ ವೀಸಾ ಗಂಡನ ಹೆಸರಿನ ಮೇಲೆ.
ಅಮ್ಮನಿಗೆ ಫೋನ್ ಮಾಡೋಣ ಅಂದ್ರೆ ಆಗ ನಿಮಿಷಕ್ಕೆ ಡಾಲರುಗಟ್ಟಲೆ.
ಮಾಡಿದರೂ, ಏನಂತ ಹೇಳೋದು?
'ನನ್ನಲ್ಲೇ ಏನೋ ಕೊರತೆ' ಅಂದುಕೊಂಡೇ
ಎಷ್ಟೋ ಹೆಂಗಸರ ಯೌವನ ಕಳೆದುಹೋಯ್ತು.
ಹೆಂಗಸರಲ್ಲೂ ಈ ಗುಟ್ಟು ಬಚ್ಚಿಟ್ಟವರು ಇದ್ದರು.
ಅವರನ್ನಂತೂ ಯಾರೂ ಕೇಳಲೇ ಇಲ್ಲ.

2015ರಲ್ಲಿ ಅಮೆರಿಕದ ಉದ್ದಗಲಕ್ಕೂ ಸಲಿಂಗ ವಿವಾಹ ಕಾನೂನುಬದ್ಧ ಆಯ್ತು.
2018ರಲ್ಲಿ ಇಲ್ಲಿ, ನಮ್ಮ ಸುಪ್ರೀಂ ಕೋರ್ಟು
ಸಲಿಂಗ ಸಂಬಂಧ ಅಪರಾಧವಲ್ಲ ಅಂತು.
ಅಷ್ಟು ಹೊತ್ತಿಗೆ ಆ ಹುಡುಗನಿಗೆ ಎಪ್ಪತ್ತು ದಾಟಿತ್ತು.

ಬೆಳಗ್ಗೆ ಟೇಬಲ್ ಮೇಲೆ ಎರಡು ಲೋಟ ಫಿಲ್ಟರ್ ಕಾಫಿ.
"ಸಕ್ಕರೆ ಸಾಕಾ, ನೋಡಿ" ಅಂತಾರೆ ಆಕೆ.
ಅವರು ಏನೋ ಹೇಳೋಕೆ ಬಾಯಿ ತೆರೀತಾರೆ.
"ಸಾಕು" ಅಂತಾರೆ.